ಮೂರು ಗಂಟೆಯ ಡಬ್ಬಿ

ಜಾಲಹಳ್ಳಿ
೯-೮-೨೦೧೫

ಡಾಕ್ಟರ್ ವೇಣಿ ಅವರಿಗೆ ವತ್ಸಲಾ ಮಾಡುವ ನಮಸ್ಕಾರಗಳು.

ಮಾತ್ರೆಗಿಂತ ಮೊದಲು ಕೀಲುನೋವಿನ ಮೂಲ ಹುಡುಕೋಣ, ಒಂದು ತಿಂಗಳು ತಿಂದದ್ದನ್ನೆಲ್ಲ ಬರೆದಿಡಿ ಎಂದಿರಿ. ಬರೆದೆ. ದಿನವೂ ಮಧ್ಯಾಹ್ನ ಮೂರಕ್ಕೆ ತಿಂದ ಮೂರು ಚಪಾತಿಗೆ ನೀವು ಕೆಂಪು ಗೀಟು ಎಳೆದು, "ಊಟ ಆದ ಮೇಲೂ ಹಸಿವಾ?" ಎಂದು ಕೇಳಿದ್ದೀರಿ.

ಹಸಿವಲ್ಲ ಮೇಡಂ. ಅದು ನಮ್ಮ ಯಜಮಾನರ ಡಬ್ಬಿ. ಮೂವತ್ತೊಂದು ವರ್ಷ ಫ್ಯಾಕ್ಟರಿಯ ಮೊದಲ ಶಿಫ್ಟಿಗೆ ಕಟ್ಟಿಕೊಟ್ಟಿದ್ದೇನೆ. ಅವರು ತೀರಿಕೊಂಡು ಎರಡು ವರ್ಷವಾದರೂ ಬೆಳಗ್ಗೆ ಐದಕ್ಕೆ ಕೈ ತಾನಾಗಿಯೇ ಹಿಟ್ಟು ಕಲಸುತ್ತದೆ. ಡಬ್ಬಿ ಕಟ್ಟಿ ಬಾಗಿಲ ಪಕ್ಕದ ಸ್ಟೂಲಿನ ಮೇಲಿಡುತ್ತೇನೆ. ಮೂರಕ್ಕೆ, ಅವರು ಮನೆಗೆ ಬರುತ್ತಿದ್ದ ಹೊತ್ತಿಗೆ, ಅದು ತುಂಬಿಯೇ ಇರುತ್ತದೆ.

"ವತ್ಸೂ, ಯಾವತ್ತಾದ್ರೂ ಡಬ್ಬಿ ಖಾಲಿ ಮಾಡ್ದೆ ತಂದಿದೀನೇನೇ?" ಎಂದು ಬಾಗಿಲಲ್ಲಿ ನಿಂತು ಕೇಳಿದಂತಾಗುತ್ತದೆ. ತಿಂದು, ತೊಳೆದು, ಬೋರಲು ಹಾಕುತ್ತೇನೆ.

ಗೋಧಿ ಬಿಟ್ಟು ರಾಗಿ ತಿನ್ನಿ ಎಂದಿದ್ದೀರಿ. ನನ್ನ ಊಟದಲ್ಲಿ ಗೋಧಿ, ಹಾಲು, ಸಕ್ಕರೆ ಎಲ್ಲ ಬಿಡುತ್ತೇನೆ. ಡಬ್ಬಿಗೆ ಮಾತ್ರ ಬೇರೆ ಏನಾದರೂ ತಿಳಿಸಿ.

ಅವರಿಗೆ ರಾಗಿ ಸೇರುವುದಿಲ್ಲ.

ಇತಿ ನಿಮ್ಮ ಪೇಷೆಂಟ್,
ವತ್ಸಲಾ ಪಟ್ಟಾಭಿರಾಮ