ಬಾದಾಮಿ ಮರದಡಿಯ ಬುಟ್ಟಿ

ಕಾರವಾರ,
ಗುರುವಾರ, ೧೩ ನವೆಂಬರ್ ೨೦೨೫

ಪ್ರೀತಿಯ ಆಯಿ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಬಾಣಂತಿ, ಕೂಸು ಹುಷಾರಷ್ಟೇ? ಬೆಳಂಬಾರದ ಗಾಳಿಗೆ ಕೂಸನ್ನು ಜಗುಲಿಗೆ ತರಬೇಡ. ತಂಗೀ ರೂಪಾಲಿ, ಆಯಿಗೆ ಇದನ್ನು ಓದಿ ಹೇಳುವವಳು ನೀನೇ. ನಡುವೆ ನಿನ್ನ ಒಗ್ಗರಣೆ ಹಾಕಬೇಡ ಮಾರಾಯ್ತಿ. ಫೋನಿನಲ್ಲಿ ಹೇಳಲು ಹೊರಟರೆ ನನಗೆ ಬಾಯಿಯೇ ಬರಲಿಲ್ಲ.

ಆಯಿ, ನಮ್ಮ ಹಳೇ ಪೇಟೆ ಗಲ್ಲಿಯನ್ನು ಹೊಸದು ಮಾಡುತ್ತಿದ್ದಾರೆ, ಅದರ ಗುರುತೇ ನಿನಗೆ ಸಿಗಲಿಕ್ಕಿಲ್ಲ. ಜಾಗ ನಗರಸಭೆಯದು, ದುಡ್ಡು ಒಂದು ಕಂಪನಿಯದು, ನೋಡಿಕೊಳ್ಳುವ ಕೆಲಸ ನಮ್ಮ ಅಂಗಡಿಕಾರರ ಸಂಘದ್ದು. ನಾರುತ್ತಿದ್ದ ಗಟಾರಕ್ಕೆ ಮುಚ್ಚಳ ಬಿತ್ತು, ದೀಪ ಬಂತು. ರಸ್ತೆ ಬದಿ ತರಕಾರಿ ಮಾರುವ ಹೆಂಗಸರಿಗೆ ಮಾಡಿನಡಿ ಕಟ್ಟೆ ಕಟ್ಟಿಸುತ್ತಾರೆ. ಸಂಘದ ಕಾರ್ಯದರ್ಶಿ ನಿನ್ನ ಮಗನೇ ಅಲ್ಲವೇ, ಹೆಗಲಿಗೊಂದು ಶಾಲು ಬಿದ್ದದ್ದೇ ತಲೆ ತಿರುಗಿತು.

ಕಟ್ಟೆಯಲ್ಲಿ ಯಾರ ಜಾಗ ಎಲ್ಲಿ ಎಂದು ಗುರುತು ಹಾಕಲು ಕಳೆದ ವಾರ ನಗರಸಭೆಯ ಸಾಹೇಬರು ಬಂದಿದ್ದರು. ನೀನು ರೂಪಾಲಿಯ ಬಾಣಂತನಕ್ಕೆ ಹೊರಡುವಾಗ ಬಾದಾಮಿ ಮರದಡಿ ಬುಟ್ಟಿ ಕವುಚಿ, ಮೇಲೊಂದು ಕಲ್ಲಿಟ್ಟು ಹೋಗಿದ್ದೆಯಲ್ಲ? ಕವುಚಿದ ಬುಟ್ಟಿ ಇದ್ದರೆ ಕೂತವಳು ಇದ್ದ ಹಾಗೇ ಎಂದು ನೀವೆಲ್ಲ ನಡೆಸಿಕೊಂಡು ಬಂದದ್ದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಸಾಹೇಬರು ಫೋಟೋ ತೆಗೆಯುವಾಗ ಹರಕು ಬುಟ್ಟಿ ಚಂದ ಕಾಣುವುದಿಲ್ಲವೆಂದು ನಾನೇ ಎತ್ತಿ ನನ್ನ ಮೊಬೈಲ್ ಅಂಗಡಿಯ ಹಿಂದೆ ಬಿಸಾಕಿದೆ. ಎಲ್ಲರಿಗೂ ನಂಬರು ಬಿತ್ತು. ನಿನ್ನದು ಖಾಲಿ ಜಾಗವೆಂದಾಯಿತು. ಅಲ್ಲಿ ಇನ್ನು ಸ್ಕೂಟರ್ ನಿಲ್ಲಿಸುವುದಂತೆ. ನನ್ನ ಗಿರಾಕಿಗಳಿಗೆ ಅನುಕೂಲವಾಯಿತು ಎಂದು ಒಂದು ಗಳಿಗೆ ಅನ್ನಿಸಿತು ಆಯಿ, ಸುಳ್ಳೇಕೆ ಹೇಳಲಿ. "ಏ ಸುಜಯಾ, ಬೊಮ್ಮಿ ಬುಟ್ಟಿ ಯಾರ್ ತೆಗದ್ರೋ?" ಎಂದು ನಿನ್ನ ಪಕ್ಕದಲ್ಲಿ ಕೂರುವ ಗಂಗೂ ಮಾವಶಿ ಕೇಳಿದಾಗ ಕಿವುಡನಂತೆ ನಿಂತೆ. ಅಲ್ಲಿ ಕೂತು ಮೊಗೆಕಾಯಿ, ಹರಿವೆ ಮಾರಿಯೇ ನೀನು ನನ್ನನ್ನು ಓದಿಸಿದ್ದು. ಥೂ, ನನ್ನ ಜನ್ಮಕ್ಕೆ!

ಕೂಸಿಗೊಂದು ಮುತ್ತು ಕೊಡು. ನಿನ್ನ ಕಾಲಿಗೆ ಬಿದ್ದಿದ್ದೇನೆ, ಬೈಯುವುದನ್ನೆಲ್ಲ ಎದುರಿಗೇ ಬೈ.

ನಿನ್ನ ಮಗ,
ಸುಜಯ

ತಾ.ಕ.: ಈ ಕಾಗದ ಒಯ್ಯಲು ನೆರೆಮನೆಯ ಬೀರು ಅಂಕೋಲೆ ಬಸ್ಸಿಗೆ ಹೊರಟು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಬುಟ್ಟಿ ತಂದು ಇದ್ದಲ್ಲೇ ಕವುಚಿಟ್ಟು, ಎತ್ತಿದ್ದು ನಾನೇ ಎಂದು ಗಂಗೂ ಮಾವಶಿಗೆ ಹೇಳಿದೆ. "ನಂಗೆ ಗೊತ್ತಿತ್ತು ತಮಾ," ಅಂದಳು. ಅಷ್ಟೇ. ಆಮೇಲೆ ತನ್ನ ಬುಟ್ಟಿಯನ್ನೂ ಕವುಚಿ ಎದ್ದಳು. "ಬೊಮ್ಮಿಗೆ ನಂಬರ್ ಬೀಳೂ ತನಕ ನಾವೂ ಕೂರೂದಿಲ್ಲ" ಎಂದು ಸಾಲಿಗೆ ಸಾಲೇ ಎದ್ದಿತು. ಸೋಮವಾರ ಸಾಹೇಬರು ಮತ್ತೆ ಬರುತ್ತಾರೆ. ರೂಪಾಲಿಯ ಹತ್ತಿರ ಇರಲು ನಿನ್ನ ಸೊಸೆಯನ್ನು ಕಳಿಸುತ್ತೇನೆ, ನೀನು ಭಾನುವಾರವೇ ಬಾ. ಗಲ್ಲಿ ತುಂಬ ಕವುಚಿದ ಬುಟ್ಟಿಗಳು ಆಯಿ, ಅಂಗಡಿ ಬಾಗಿಲು ತೆಗೆಯಲು ನನಗೆ ಮುಖವಿಲ್ಲ.