ಪಕ್ಕದ ಗೂಟ

ಡಂಡೀ
೯ ಏಪ್ರಿಲ್ ೨೦೨೪

ಪ್ರೀತಿಯ ಮೊರಾಗ್,

ನಾನು ಕ್ಷೇಮ. ಇನ್ವರ್ನೆಸ್ಸಿನ ಚಳಿ ಈ ಸಲ ನಿನ್ನ ಸೊಂಟವನ್ನು ತೀರಾ ಗೋಳುಹೊಯ್ದುಕೊಂಡಿಲ್ಲ ತಾನೆ? ನೀನು ಕಳಿಸಿದ ಪದ್ಯದ ಪುಸ್ತಕ ಫೆಬ್ರವರಿಯಲ್ಲೇ ಕೈಸೇರಿತು. ಎರಡು ತಿಂಗಳು ಒಂದು ಸಾಲೂ ಬರೆಯದೆ ಕೂತಿದ್ದಕ್ಕೆ ಬೈದುಕೋ, ಬೈಸಿಕೊಳ್ಳುತ್ತೇನೆ. ಮೂರು ಸಲ ಕಾಗದ ತೆಗೆದು ಮೂರು ಸಲವೂ ಒಳಗಿಟ್ಟೆ. ಏಕೆಂದು ಕೊನೆಯಲ್ಲಿ ಹೇಳುತ್ತೇನೆ, ಅಷ್ಟು ಹೊತ್ತಿಗೆ ಧೈರ್ಯ ಉಳಿದಿದ್ದರೆ.

ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಇಂಗ್ಲಿಷ್ ಪರೀಕ್ಷೆಗೆ ಕೂರುತ್ತಿದ್ದೇನೆಂದು ಬೀದಿಯವರಿಗೆಲ್ಲ ನಗು. ಮೊಮ್ಮಗಳು ಕರ್ಸ್ಟಿ ಕೂಡ ಬರುವ ತಿಂಗಳು ಇದೇ ಪರೀಕ್ಷೆ ಬರೆಯುತ್ತಾಳೆ.

"ಅಜ್ಜಿ, ನೀನು ನನ್ಗಿಂತ ಜಾಸ್ತಿ ಮಾರ್ಕ್ಸ್ ತಗೊಂಡ್ರೆ ನಾನು ಊರು ಬಿಟ್ಟು ಹೋಗ್ತೀನಿ ನೋಡು" ಅಂದಳು.

"ಈಗ್ಲೇ ಗಂಟುಮೂಟೆ ಕಟ್ಕೋ" ಅಂದೆ.

ಪಾಠ ಮಂಗಳವಾರ ಮಧ್ಯಾಹ್ನ, ಲೈಬ್ರರಿಯ ಹಿಂದಿನ ಕೋಣೆಯಲ್ಲಿ. ಮೇಷ್ಟ್ರು ಫರ್ಕರ್ ಅವರಿಗೆ ಮೂವತ್ತೂ ತುಂಬಿಲ್ಲ, ಗಡ್ಡ ಮಾತ್ರ ಬೈಬಲ್ಲಿನ ಕಾಲದ್ದು. ಸೆಣಬಿನ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ನೇಯ್ದು ನನ್ನ ಕಿವಿ ಹೋಗಿರುವುದು ನಿನಗೆ ಗೊತ್ತಲ್ಲ. ಮಗ್ಗದ ಗದ್ದಲದಲ್ಲಿ ನಾವೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದವರು. ಇವರ ತುಟಿಯೇ ಕಾಣದು. ಎರಡು ವಾರ ತಡೆದುಕೊಂಡೆ. ಮೂರನೆಯ ವಾರ, "ಮೇಷ್ಟ್ರೇ, ಮೀಸೆ ಸ್ವಲ್ಪ ಕತ್ತರಿಸ್ಕೊಂಡ್ ಬನ್ನಿ, ಪದ್ಯ ಕೇಳಿಸ್ತಿಲ್ಲ" ಅಂದುಬಿಟ್ಟೆ. ಪಾಪ, ಮುಂದಿನ ಮಂಗಳವಾರ ಕತ್ತರಿಸಿಕೊಂಡೇ ಬಂದಿದ್ದರು.

ಪರೀಕ್ಷೆಗೆ ಇಟ್ಟಿರುವ ಆ ಪದ್ಯ ನಿನಗೆ ಕಂಠಪಾಠ. ಮೂವತ್ತು ವರ್ಷ ಮಕ್ಕಳಿಗೆ ಅದನ್ನೇ ಕಲಿಸಿದ ಟೀಚರು ನೀನು. ಆದರೂ ನನ್ನ ಬಾಯಲ್ಲಿ ಕೇಳು. ಪುಟ್ಟ ಹುಡುಗಿಯೊಬ್ಬಳು ಶಾಲೆಯ ಮೊದಲ ದಿನ ಕೋಟು ನೇತುಹಾಕುತ್ತಾಳೆ. ಓದಲು ಬಾರದ ಮಕ್ಕಳಿಗೆಂದು ಗೂಟಗಳ ಮೇಲೆ ಚಿತ್ರ: ಇವಳದು ಬಾತುಕೋಳಿ, ಪಕ್ಕದ ಗೆಳತಿಯದು ಕೆಟಲ್. ಒದ್ದೆ ಕೋಟುಗಳ ವಾಸನೆ, ಬಿಸಿ ಪೈಪಿನ ಪಕ್ಕ ಇಟ್ಟು ಹಾಳಾದ ಹಾಲು, ಬೈದರೂ ಮೂಗು ಒರೆಸುವ ಟೀಚರು. ಕೊನೆಯ ಚರಣದಲ್ಲಿ ಅವಳು ದೊಡ್ಡವಳಾಗಿ ಅಲ್ಲಿಗೆ ಮರಳುತ್ತಾಳೆ. ಗೂಟ ಮೊಣಕಾಲಿನಷ್ಟೇ ಎತ್ತರ. ಪಕ್ಕದ ಗೂಟ ಖಾಲಿ. ಅಷ್ಟೇ.

"ಈ ಮಗು ದೊಡ್ಡದಾಗಿದ್ದು ಯಾವ ಸಾಲಲ್ಲಿ?" ಎಂದು ಮೇಷ್ಟ್ರು ಕೇಳಿದರು. ಮೊಣಕಾಲಿನ ಸಾಲಲ್ಲಿ ಎಂದರು ಎಲ್ಲರೂ.

"ಎತ್ತರ ಆಗೋದೇ ಬೇರೆ, ದೊಡ್ಡವ್ರಾಗೋದೇ ಬೇರೆ. ಅವ್ಳು ದೊಡ್ಡವಳಾಗಿದ್ದು ಪಕ್ಕದ ಗೂಟ ನೋಡ್ದಾಗ" ಅಂದೆ ನಾನು. ಅವರು ಅದನ್ನು ಬೋರ್ಡಿನ ಮೇಲೆ ಬರೆದರು. ನನ್ನ ಮಾತನ್ನು ಯಾರಾದರೂ ಬೋರ್ಡಿನ ಮೇಲೆ ಬರೆದದ್ದು ಹುಟ್ಟಿದ ಮೇಲೆ ಇದೇ ಮೊದಲು, ಮೊರಾಗ್. ಬಸ್ಸಿನಲ್ಲಿ ಮನೆಗೆ ಬರುವಾಗ ಒಬ್ಬಳೇ ನಗುತ್ತಿದ್ದೆ.

ಆದರೆ ಒಂದು ತೊಡಕಿದೆ. ಅಭ್ಯಾಸದ ಪರೀಕ್ಷೆ ಮೂರು ಆದವು. ಮೂರರಲ್ಲೂ ಕೊನೆಯ ಪುಟವನ್ನು ಖಾಲಿ ಬಿಟ್ಟು ಬಂದೆ. ಹೆಚ್ಚು ಅಂಕ ಇರುವುದು ಅಲ್ಲೇ.

"ಟೈಮ್ ಸಾಲ್ಲಿಲ್ಲ ಮೇಷ್ಟ್ರೇ" ಅಂದೆ.

"ಸುಳ್ಳು ಹೇಳ್ಬೇಡಿ ಇಸಾ. ಇಪ್ಪತ್ತು ನಿಮಿಷ ಇರೋವಾಗ್ಲೇ ಪೆನ್ನು ಕೆಳಗಿಟ್ಟು ಕಿಟಕಿ ನೋಡ್ತಾ ಕೂತಿದ್ರಿ. ಉತ್ತರ ನಿಮಗೆ ಗೊತ್ತು. ಅದನ್ನ ಬರೀದೆ ನೀವು ಪಾಸಾಗಲ್ಲ."

ಅವರು ಹೇಳಿದ್ದು ನಿಜ. ಆ ಪುಟ ತಿರುಗಿಸಿದೊಡನೆ ಕೈ ನಿಂತುಹೋಗುತ್ತದೆ.

ಪುಸ್ತಕದ ಅಂಚಿನಲ್ಲಿ ನೀನು ಕೆಂಪು, ಹಸಿರು ಶಾಯಿಯಲ್ಲಿ ಬರೆದ ಟಿಪ್ಪಣಿಗಳಿಂದ ಬಹಳ ಉಪಕಾರವಾಯಿತು. ಪುಸ್ತಕದಲ್ಲಿ ಹೀಗೆ ಗೀಚಿದ್ದನ್ನು ನಮ್ಮ ಶಾಲೆಯ ಮಿಸ್ ಪೆಟ್ರಿ ನೋಡಿದ್ದರೆ ನಿನಗೆ ಚರ್ಮದ ಪಟ್ಟಿಯಿಂದ ಆರು ಏಟು ಗ್ಯಾರಂಟಿ. ಬೇಸಿಗೆಯಲ್ಲಿ ಬಾ, ಇಲ್ಲಿಯ ಬಿಸಿ ಮಾಂಸದ ಪೈ ತಿಂದು ಎಷ್ಟು ದಿನವಾಯಿತೋ ನಿನಗೆ. ನಮ್ಮಜ್ಜಿ ಹೊಸ ವರ್ಷಕ್ಕೆ ಹರಸುತ್ತಿದ್ದ ಹಾಗೆ, ನಿನ್ನ ಮನೆಯ ಹೊಗೆಗೂಡು ಬಹುಕಾಲ ಹೊಗೆಯಾಡುತ್ತಿರಲಿ.

ನಿನ್ನ
ಇಸಾ

ಮರೆತ ಮಾತು: ಮರೆತದ್ದೇನಲ್ಲ. "ಪಕ್ಕದ ಗೂಟ ಖಾಲಿ" ಎಂಬ ಸಾಲಿನ ಎದುರು ಕೆಂಪೂ ಇಲ್ಲ, ಹಸಿರೂ ಇಲ್ಲ. ಪೆನ್ಸಿಲಿನಲ್ಲಿ ಸಣ್ಣಗೆ "ಇಸಾ" ಎಂದಿದೆ. ಒಮ್ಮೆ ಅಳಿಸಿ ಮತ್ತೆ ಬರೆದಿದ್ದೀಯ. ಅದನ್ನು ನೋಡಿಯೇ ಎರಡು ತಿಂಗಳು ನನ್ನ ಕೈ ಕಟ್ಟಿಹೋದದ್ದು. ಹಾಗಾದರೆ ನಿನಗೂ ನೆನಪಿದೆ.

ಹನ್ನೊಂದನೆಯ ವಯಸ್ಸಿನ ಆ ಪರೀಕ್ಷೆ. ಪಾಸಾದವರು ಲ್ಯಾಟಿನ್ ಕಲಿಸುವ ಶಾಲೆಗೆ, ಉಳಿದವರು ಗಿರಣಿಯ ದಾರಿಯಲ್ಲಿದ್ದ ಶಾಲೆಗೆ. ಕೋಟು ನೇತುಹಾಕುವ ಕೋಣೆಯಲ್ಲಿ ನೀನು ಅಳುತ್ತಾ, "ನಾನು ಹೇಗೂ ಫೇಲೇ ಇಸಾ. ನೀನು ಪಾಸಾದ್ರೆ ಗಿರಣಿ ದಾರಿ ಶಾಲೆಗೆ ನಾನೊಬ್ಳೇ ಹೋಗ್ಬೇಕು. ಇಬ್ರೂ ಕೊನೇ ಪುಟ ಬಿಟ್ಬಿಡೋಣ ಕಣೇ" ಅಂದೆ. ಆಣೆಗೆಂದು ಅಂಗೈಗೆ ಉಗಿದು ಕೈ ಕುಲುಕಿದೆವು. ನಾನು ಬಿಟ್ಟೆ. ಪೆನ್ನು ಕೆಳಗಿಟ್ಟು ಕೂತಾಗ ಪಕ್ಕದಲ್ಲಿ ನಿನ್ನ ನಿಬ್ಬು ಕರಕರ ಓಡುತ್ತಿತ್ತು. ತಿರುಗಿ ನೋಡಿದರೆ ಕಾಪಿ ಹೊಡೆಯುತ್ತಿದ್ದಾಳೆ ಅನ್ನುತ್ತಾರೆಂದು ನೋಡಲಿಲ್ಲ. ನೀನು ಲ್ಯಾಟಿನ್ ಶಾಲೆಗೆ ಹೋದ ಮೇಲೂ ಕೇಳಲಿಲ್ಲ. ನೀನೂ ಹೇಳಲಿಲ್ಲ.

ತುಂಬಾ ವರ್ಷ ಸಿಟ್ಟಿತ್ತು. ಈಗಿಲ್ಲ. ಉತ್ತರ ಗೊತ್ತಿದ್ದ ಮಗುವಿನ ಕೈ ಹೇಗೆ ತಾನೇ ನಿಂತೀತು? ನೋವಂತೂ ಇದೆ, ಇಲ್ಲವೆನ್ನಲಾರೆ. ಗಿರಣಿ ನನ್ನ ಕಿವಿಯನ್ನೇ ತಿಂದುಹಾಕಿತು, ಆ ನಿಬ್ಬಿನ ಸದ್ದನ್ನು ಮಾತ್ರ ಬಿಟ್ಟಿತು. ಬರುವ ತಿಂಗಳು ಕೊನೆಯ ಪುಟಕ್ಕೆ ಬಂದಾಗ ಅದು ಕೇಳಿಯೇ ಕೇಳುತ್ತದೆ. ಈ ಸಲ ಅದು ನನ್ನ ಪೆನ್ನಿನದಾಗಿರುತ್ತದೆ, ಮೊರಾಗ್.