ಬೀದರಿನ ಸೀಟು

ಬಳ್ಳಿಗಾವಿ, ಶಿಕಾರಿಪುರ ತಾಲ್ಲೂಕು
೨೩ ಜನವರಿ ೨೦೨೬

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಅಲ್ಲಿ ಹಿಮ ಇನ್ನೂ ಬೀಳ್ತಾ ಇದೆಯಾ? ಹೋದ ಸಲ ಫೋನ್ ಮಾಡಿದಾಗ ಕಾಲಿನ ಬೆರಳು ಮರಗಟ್ಟಿದೆ ಅಂದೆ, ಅಷ್ಟರಲ್ಲಿ ಲೈನ್ ಕಟ್ಟಾಯ್ತು. ಅವತ್ತಿನಿಂದ ಅವ್ವನಿಗೆ ಅದೇ ಚಿಂತೆ. ದಪ್ಪ ಕಾಲುಚೀಲ ಹಾಕ್ಕೋ ಮಾರಾಯ. ನೀನಿರೋ ಜಾಗದಲ್ಲಿ ಸಿಗ್ನಲ್ ಸಿಗೋದು ಯಾವಾಗಲೋ, ಸಿಕ್ಕರೂ ಅವ್ವ ಫೋನು ಬಿಡೋದಿಲ್ಲ. ಅದಕ್ಕೇ ರಜೆಗೆ ಊರಿಗೆ ಬಂದವಳು ಬರೆಯೋಕೆ ಕೂತೆ.

ಇಲ್ಲಿ ಎಲ್ಲರೂ ಆರಾಮ. ಅಜ್ಜನಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ಕಾಲೇಜು ಹೇಗಿದೆ ಅಂತ ಕೇಳಿದ್ದೆಯಲ್ಲ, ಕೃಷಿ ಕಾಲೇಜಿನಲ್ಲಿ ಏನೂ ಕೊರತೆಯಿಲ್ಲ. ಮೇಷ್ಟ್ರುಗಳು ಒಳ್ಳೆಯವರು, ಹಾಸ್ಟೆಲ್ ಊಟವೂ ಪರವಾಗಿಲ್ಲ. ನನ್ನ ಜೊತೆ ಇರೋ ಹುಡುಗಿ ಮಣ್ಣಿನ ಪರೀಕ್ಷೆ ಅಂದರೆ ಜೀವ ಬಿಡ್ತಾಳೆ, ಅಂಥವರಿಗೆ ಅದು ಸ್ವರ್ಗ. ನಾನು ಮಾತ್ರ ಕಿಟಕಿಯಾಚೆ ಮೇಯೋ ದನ ನೋಡ್ತಾ ಕೂತಿರ್ತೀನಿ. ಕುಂಟೋ ಕರುವಿನ ಕಾಲಿಗೆ ನಿನ್ನ ಸ್ಕೂಲ್ ಟೈ ಕಟ್ಟಿ ನಿನ್ನ ಕೈಲಿ ಏಟು ತಿಂದವಳಲ್ಲವಾ ನಾನು!

ಸೀಟು ಬಂದಾಗ ಮನೆಯಲ್ಲಿ ಏನಾಯ್ತು ಅಂತ ನಿನಗೆ ಯಾರೂ ಪೂರ್ತಿ ಹೇಳಿಲ್ಲ. ಸಿಇಟಿಯಲ್ಲಿ ಶಿವಮೊಗ್ಗದ ಪಶುವೈದ್ಯ ಕಾಲೇಜಿಗೆ ನನ್ನ ರ‍್ಯಾಂಕ್ ಸಾಲಲಿಲ್ಲ, ಆದರೆ ಮೊದಲನೇ ಸುತ್ತಿಗೇ ಬೀದರಿನದು ಸಿಕ್ಕಿತ್ತು. ನಾನು ಕುಣಿದುಬಿಟ್ಟೆ. ಅಜ್ಜ ಮಾತ್ರ ಅವತ್ತು ಊಟ ಮಾಡಲಿಲ್ಲ. "ಬೀದರ್ ಅಂದ್ರೆ ಎಲ್ಲಿ ಬಂತು? ನಾನು ಕಣ್ಣು ಮುಚ್ಚಿದ್ರೆ ನೀನು ಬರೋ ಹೊತ್ತಿಗೆ ಮಣ್ಣು ಮಾಡಿ ಆಗಿರ್ತದೆ. ಹರ್ಷ ಅಂತೂ ಮಿಲಿಟರಿ ಬಿಟ್ಟು ಬರೋ ಹಂಗಿಲ್ಲ. ನೀನಾದ್ರೂ ಹತ್ರ ಇರು" ಅಂದ. ಬೇಜಾರು ಮಾಡ್ಕೋಬೇಡ ಅಣ್ಣಾ, ನಿನ್ನ ಮೇಲಿನ ಪ್ರೀತಿಗೇ ಹಾಗಂದಿದ್ದು. ಅಪ್ಪ, "ಯಾವ ಡಿಗ್ರಿ ಆದ್ರೇನು, ನೌಕರಿ ಸಿಕ್ಕರೆ ಸಾಕು" ಅಂದ. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡ್ತಿದ್ದೆ. ಅಜ್ಜನ ಮುಖ ನೋಡಲಾರದೆ ಆ ಸೀಟು ಬಿಟ್ಟೆ. ಎರಡನೇ ಸುತ್ತಿನಲ್ಲಿ ಶಿವಮೊಗ್ಗದಲ್ಲಿ ಕೃಷಿ ಪದವಿಗೆ ಸಿಕ್ಕಿತು, ಸೇರಿದೆ.

ಈಗ ಮೊನ್ನೆಯ ಸುದ್ದಿ ಕೇಳು. ಸಂಕ್ರಾಂತಿಗೆ ಅಜ್ಜನೂ ನಾನೂ ಸೊರಬದ ಬಸ್ಸು ಹತ್ತಿ ಜಡೆಗೆ ಹೋಗಿದ್ವಿ, ಅವ್ವನ ತವರಿಗೆ. ನಾವು ಹೋದ ಹೊತ್ತಿಗೆ ಮೂಕಮ್ಮಜ್ಜಿಯ ಎಮ್ಮೆ ಈಯಲಾರದೆ ಒದ್ದಾಡ್ತಿತ್ತು. ಸೊರಬದಿಂದ ಡಾಕ್ಟರು ಬಂದರು. ಶ್ರೀರಂಜಿನಿ ಅಂತ, ಚಂದ್ರಗುತ್ತಿ ಕಡೆಯವರು, ನಿನಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು. ಕರುವಿನ ಮುಂಗಾಲು ಒಳಗೇ ಮಡಚಿಕೊಂಡಿತ್ತಂತೆ. ತೋಳಿಗೆಲ್ಲ ಸೋಪು ಹಚ್ಚಿಕೊಂಡು ಕೈ ಹಾಕಿ, ಕರುವನ್ನು ಹಿಂದಕ್ಕೆ ತಳ್ಳಿ, ಕಾಲು ನೇರ ಮಾಡಿ ಹಗ್ಗ ಕಟ್ಟಿದರು. ಆಮೇಲೆ ಹಗ್ಗ ನನ್ನ ಕೈಗೇ ಕೊಟ್ಟರು. "ಎಮ್ಮೆ ತಿಣುಕಿದಾಗ ಮಾತ್ರ ಎಳಿ. ಅದು ಬಿಟ್ಟರೆ ನೀನೂ ಬಿಡು" ಅಂದರು. ಕರು ಬಿತ್ತು. ಉಸಿರಾಡಲಿಲ್ಲ! ಮೂಗಿಗೆ ಹುಲ್ಲುಕಡ್ಡಿ ಆಡಿಸಿದರು ನೋಡು, ಸೀನಿಬಿಡ್ತು. ನನಗೆ ನಗು ಬಂತು, ಅಳುನೂ ಬಂತು.

ಕೈ ತೊಳೆಯೋಕೆ ನೀರು ಹಾಕ್ತಾ ಅಜ್ಜ ಕೇಳಿದ, "ಎಲ್ಲಿ ಓದಿದ್ದಮ್ಮ?"

"ಬೀದರ್‌ನಲ್ಲಿ ಅಜ್ಜಾ."

"ಅಷ್ಟು ದೂರ ಹೆಂಗಿದ್ದೆ?"

"ಮೊದಲು ದಿನಾ ಅಳ್ತಿದ್ದೆ. ಆಮೇಲೆ ನನಗೆ ಬೇಕಾದ್ದೇ ಕಲಿಸ್ತಿದ್ರಲ್ಲ, ಅಳೋದು ಮರೆತೇ ಹೋಯ್ತು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಜ್ಜ ನನ್ನ ಅಂಗೈ ತಿರುಗಿಸಿ, ಹಗ್ಗ ಉಜ್ಜಿ ಕೆಂಪಾದ ಜಾಗ ನೋಡ್ತಾ ಕೂತಿದ್ದ. "ನನ್ನ ಸಾವಿನ ಯೋಚನೇಲಿ ನಿನ್ನ ಓದು ಕೆಡಿಸಿದ್ನಲ್ಲೇ" ಅಂದ. ಊರು ಹತ್ತಿರ ಬಂದಾಗ ಮೆಲ್ಲಗೆ, "ಆ ಸೀಟು ಇನ್ನೂ ಇರ್ತದಾ? ನಾನೇ ಹೋಗಿ ಕೇಳಿದ್ರೆ ಕೊಡ್ತಾರಾ?" ಅಂತ ಕೇಳಿದ.

ಇಲ್ಲ ಅಜ್ಜಾ, ಅದು ಆಗಲೇ ಬೇರೆ ಯಾರಿಗೋ ಹೋಗಿದೆ ಅಂದೆ. ಅವನು ಕಿಟಕಿ ಕಡೆ ತಿರುಗಿದ.

ಮೂಕಮ್ಮಜ್ಜಿ ಕಳಿಸಿದ ಎಳ್ಳುಂಡೆ ಬೇರೆ ಪಾರ್ಸೆಲ್ಲಿನಲ್ಲಿ ಬರ್ತಿದೆ, ನಿನ್ನ ಜೊತೆಯವರಿಗೂ ಕೊಡು. ಅಜ್ಜ, ಅಪ್ಪ, ಅವ್ವನ ಆಶೀರ್ವಾದಗಳು. ಮೈ ಬೆಚ್ಚಗಿಟ್ಟುಕೋ.

ನಿನ್ನ ತಂಗಿ,
ರಮ್ಯ

ಮರೆತಿದ್ದೆ: ಸಿಇಟಿಗೆ ಮತ್ತೆ ಅರ್ಜಿ ಹಾಕ್ತೀನಿ. ಒಂದು ವರ್ಷ ಹಾಳು ಅಂತ ಅಪ್ಪ ಸಿಟ್ಟಾಗಿದ್ದಾನೆ, ನನಗೆ ಒತ್ತಾಸೆಯಾಗಿ ನಿಂತ ಅಂತ ಅಜ್ಜನ ಹತ್ತಿರ ಮಾತು ಬಿಟ್ಟಿದ್ದಾನೆ. ಸಿಗ್ನಲ್ ಸಿಕ್ಕ ತಕ್ಷಣ ಅಪ್ಪನಿಗೆ ಫೋನ್ ಮಾಡು, ನಿನ್ನ ಮಾತಾದರೆ ಕೇಳ್ತಾನೆ. ಈ ಸಲ ಅಂಥ ರ‍್ಯಾಂಕ್ ಬರುತ್ತೋ ಇಲ್ಲವೋ, ನನಗೆ ಹೆದರಿಕೆ. ಅಜ್ಜನಿಗೆ ಅದು ಹೇಳಿಲ್ಲ. ಪಕ್ಕದಲ್ಲೇ ಕೂತು, ಬೀದರಿಗೆ ಹೋಗೋಕೆ ಎಲ್ಲೆಲ್ಲಿ ಬಸ್ ಬದಲಾಯಿಸಬೇಕು ಅಂತ ಕೇಳ್ತಿದ್ದಾನೆ.